ಜೇಬಿನಲ್ಲಿ ರಾಣಿ

"ಗೋಡೆ ಕಡೆ ತಿರುಗು. ಕೈ ಅಗಲಿಸು," ಎಂದ ಪೊಲೀಸಿನವನು.

ಜೇನಿನವನು ಎಡಗೈಯನ್ನಷ್ಟೇ ಚಾಚಿದ. ಬಲಗೈ ಅಂಗಿಯ ಜೇಬಿನ ಮೇಲೆಯೇ ಇತ್ತು. ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕದೊಂದು ಜಾಲರಿ ಡಬ್ಬಿ, ಅದರೊಳಗೆ ರಾಣಿಜೇನು. ಚಳಿಯಲ್ಲಿ ರಾಣಿಯನ್ನು ಹೀಗೆ ಎದೆಯ ಬಿಸಿಗೆ ಇಟ್ಟುಕೊಂಡೇ ತರಬೇಕು. ಅವನ ತಾರಸಿಯ ಜೇನುಪೆಟ್ಟಿಗೆಯಲ್ಲಿ ಹಳೆಯ ರಾಣಿ ಸತ್ತು, ಹುಳುಗಳು ದಿನೇ ದಿನೇ ಕರಗುತ್ತಿದ್ದವು. ಇವಳು ಮನೆ ಸೇರದಿದ್ದರೆ ಪೆಟ್ಟಿಗೆ ಬರಿದಾಗುವುದು ಖಂಡಿತ.

"ಯಾಕೆ ಹುಡುಕ್ತೀರಿ ಅಂತ ಮೊದಲು ಹೇಳ್ಬೇಕಲ್ವಾ ಸಾರ್? ಕಾನೂನು ಹಾಗಿದೆ ಅಂತಾರೆ."

"ನಂಗೇ ಕಾನೂನು ಹೇಳ್ತೀಯಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ್ನಂತೆ. ನನ್ನ ನೋಡಿದ ಕೂಡ್ಲೇ ಜೇಬು ಯಾಕೆ ಮುಟ್ಕೊಂಡೆ?"

ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಜೇನಿನವನು ತಲೆ ತಗ್ಗಿಸಿದ. ಹಿಂದೊಮ್ಮೆ ಇದೇ ಮೂಲೆಯಲ್ಲಿ ಹುಡುಕಿಸಿಕೊಂಡಾಗ ಏನೂ ಸಿಕ್ಕಿರಲಿಲ್ಲ. ಆದರೂ ಆಮೇಲೆ ಎಷ್ಟೋ ಮನೆಯವರು ಅವನಲ್ಲಿ ಜೇನುತುಪ್ಪ ಕೊಳ್ಳುವುದನ್ನು ಬಿಟ್ಟರು. ಏನೂ ಸಿಗದಿದ್ದುದನ್ನು ಯಾರೂ ನೋಡಿರಲಿಲ್ಲ. ಗೋಡೆಗೆ ನಿಂತದ್ದನ್ನು ಎಲ್ಲರೂ ನೋಡಿದ್ದರು.

"ಒಳಗೆ ರಾಣಿ ಇದಾಳೆ ಸಾರ್, ತೆಗೀಬೇಡಿ."

"ರಾಣಿನಾ? ಹಾಗಾದ್ರೆ ನಾನೇ ಮಹಾರಾಜ," ಎನ್ನುತ್ತ ಪೊಲೀಸಿನವನು ಡಬ್ಬಿಯನ್ನು ಜೇಬಿನಿಂದ ಕಿತ್ತುಕೊಂಡು ಮುಚ್ಚಳ ಎತ್ತಿದ. ರಾಣಿ ಅವನ ಬೆರಳಿಗೇರಿ, ತೋಳಿನುದ್ದಕ್ಕೂ ಸರಸರನೆ ನಡೆದು, ಹೆಗಲ ಹಿಂದೆ ಮಾಯವಾದಳು.

"ಅಲ್ಲಾಡ್ಬೇಡಿ ಸಾರ್."

"ಕುಟುಕುತ್ತಾ?" ಅವನ ದನಿ ಅರ್ಧಕ್ಕೆ ಇಳಿದಿತ್ತು.

"ಮನುಷ್ಯರನ್ನ ಕುಟುಕೋದು ಅವಳ ಅಂತಸ್ತಿಗೆ ಕಮ್ಮಿ. ಆದ್ರೆ ನೀವು ಕೊಡವಿದ್ರೆ ಹಾರಿಹೋಗ್ತಾಳೆ, ಮನೇಲಿ ಅಷ್ಟೂ ಹುಳ ಸಾಯ್ತವೆ. ಗೋಡೆ ಕಡೆ ತಿರುಗಿ. ಕೈ ಅಗಲಿಸಿ."

ಅವನು ಡಬ್ಬಿಯನ್ನು ಜೇನಿನವನ ಕೈಗಿತ್ತು ತಿರುಗಿದ. ಅಗಲಿಸಿದ.

"ಹುಡುಕೋ ಮುಂಚೆ ಕಾರಣ ಹೇಳ್ಬಿಡ್ತೀನಿ. ನಿಮ್ಮ ಮೈಮೇಲೆ ನನ್ನ ರಾಣಿ ಇದಾಳೆ."

ಯಾವುದೋ ಕಿಟಕಿಯಲ್ಲಿ ನಗು ಕಿಸಕ್ಕೆಂದಿತು. ಕ್ಷೌರದಂಗಡಿಯವನು ಗಿರಾಕಿಯ ನೊರೆಮುಖವನ್ನು ಹಾಗೇ ಬಿಟ್ಟು ಹೊರಗೆ ಬಂದ. "ಬೂಟೂ ಬಿಚ್ಚಿಸಪ್ಪ, ಯಾವ ಹುತ್ತದಲ್ಲಿ ಯಾವ ಹಾವೋ."

ತಾರಸಿಯಿಂದ ಬಗ್ಗಿದ ಜೇನಿನವನ ಹೆಂಡತಿ ಕೂಗಿದಳು: "ರೀ, ಕಾಲರ್ ಒಳಗೆ ನೋಡ್ರೀ. ರಾಣಿಗೂ ಇಸ್ತ್ರಿ ಬಟ್ಟೆನೇ ಬೇಕು ನೋಡಿ, ನಿಮ್ಮ ಹತ್ರ ಎಲ್ಲಿ ನಿಲ್ತಾಳೆ."

ಬೀದಿಗೆ ಬೀದಿಯೇ ನಕ್ಕಿತು. ಜೇನಿನವನು ಮಲಗಿದ ಮಗುವನ್ನು ಸವರುವಂತೆ ಆ ಬೆನ್ನನ್ನೂ ತೋಳನ್ನೂ ಮುಟ್ಟುತ್ತ ಹೋದ. ಖಾಕಿಯ ಕೆಳಗೆ ಎದೆ ಡವಡವ ಎನ್ನುವುದು ಬೆರಳಿಗೆ ತಿಳಿಯುತ್ತಿತ್ತು.

"ಎಲ್ರೂ ನನ್ನೇ ನೋಡ್ತಿದಾರಾ?" ಪೊಲೀಸಿನವನು ಗೋಡೆಯನ್ನು ಕೇಳಿದಂತೆ ಕೇಳಿದ.

"ನೋಡ್ತಾರೆ ಸಾರ್."



ರಾಣಿ ಕಾಲರಿನ ಮಡಿಕೆಯಲ್ಲೇ ಇದ್ದಳು. ಡಬ್ಬಿಯನ್ನು ಎದುರಿಗೆ ಹಿಡಿದದ್ದೇ ತಡ, ತವರಿಗೆ ಬಂದವಳಂತೆ ಒಳಗೆ ನಡೆದಳು. ಕಿಟಕಿಗಳೆಲ್ಲ ಚಪ್ಪಾಳೆ ತಟ್ಟಿದವು. ಜೇನಿನವನು ಡಬ್ಬಿಯನ್ನು ಎದೆಗಿಟ್ಟುಕೊಂಡು, ನಗುತ್ತಲೇ ಮನೆಯತ್ತ ಓಡಿದ.

ಬಾಗಿಲ ಬಳಿ ಹಿಂದಿನಿಂದ ದನಿ ಕೇಳಿಸಿತು. ತಿರುಗಿ ನೋಡಿದ. ಪೊಲೀಸಿನವನು ಇನ್ನೂ ಗೋಡೆಗೆ ಮುಖ ಮಾಡಿ, ಎರಡೂ ಕೈ ಚಾಚಿ ನಿಂತಿದ್ದ.

"ಈಗ ಇಳಿಸ್ಲಾ?"