ಯೆರ್ಕೊ ಮಾದರಿ

ದಿನ್ಕಾ ಕೆಂಪು ಪೆನ್ಸಿಲ್ ಹಿಡಿದು ಫ್ರಾನೆಯ ಪುಟದ ಮೇಲೆ ಅಡ್ಡಗೀಟು ಎಳೆದರು. ಕಾಗದ ಹರಿಯುವಷ್ಟು ಒತ್ತಿ ಎಳೆದರು.

"ಇದು ಮಾದರಿ ಅಲ್ಲ. ತೆಗೆದುಹಾಕು."

"ಪ್ರತಿ ಸಲ ಇದನ್ನೇ ಹೇಳ್ತೀರಿ. ಕಾರಣ ಮಾತ್ರ ಬಾಯಿಗೆ ಬರಲ್ಲ."

"ಬಾಗಿದೆ. ಅಷ್ಟೇ ಕಾರಣ."

ಫ್ರಾನೆಗೆ ಮೈ ಉರಿಯಿತು. ದಾಲ್ಮಾಷಿಯಾ ಕರಾವಳಿಯ ಆ ಸಣ್ಣ ಊರಿನ ಮ್ಯೂಸಿಯಂನಲ್ಲಿ ಹಳೆಯ ಕತ್ತಿಗಳ ಅಡ್ಡಪಟ್ಟಿಗಳನ್ನು ವಿಂಗಡಿಸುತ್ತಲೇ ಅವನ ಯೌವನ ಸವೆದಿತ್ತು. ಹಿಡಿಗೂ ಅಲಗಿಗೂ ನಡುವೆ ನಿಂತು ಬೆರಳು ಕಾಯುವ ಆ ಕಬ್ಬಿಣದ ತುಂಡು ನೇರವೋ ಡೊಂಕೋ, ತುದಿ ಗುಂಡೋ ಚಪ್ಪಟೆಯೋ ನೋಡಿದರೆ ಕತ್ತಿಯ ಕಾಲ, ನಾಡು ಎರಡೂ ಹೇಳಬಹುದು. ಇದೊಂದು ಮಾತ್ರ ಯಾವ ಗುಂಪಿಗೂ ಸೇರುತ್ತಿರಲಿಲ್ಲ. ಅಡ್ಡಪಟ್ಟಿಯ ಒಂದು ತೋಳು ಹಿಡಿಯ ಕಡೆ ಬಾಗಿತ್ತು, ಇನ್ನೊಂದು ಅಲಗಿನ ಕಡೆ. ಯಾರೂ ಕಾಣದ ಹೊಸ ಮಾದರಿ. ಅದಕ್ಕೆ ಅವನು ತನ್ನ ತಂದೆ ಯೆರ್ಕೊ ಅವರ ಹೆಸರಿಟ್ಟಿದ್ದ. ಪುಸ್ತಕ ಅಚ್ಚಿಗೆ ಹೋಗಲು ಮುಖ್ಯಸ್ಥೆ ದಿನ್ಕಾರ ಒಪ್ಪಿಗೆಯೊಂದೇ ಬಾಕಿ.

ಯುದ್ಧದಲ್ಲಿ ಊರಿನ ಮೇಲೆ ಶೆಲ್ ಬೀಳುತ್ತಿದ್ದಾಗ ಕತ್ತಿಗಳನ್ನೆಲ್ಲ ಮ್ಯೂಸಿಯಂನ ನೆಲಮಾಳಿಗೆಗೆ ಸಾಗಿಸಿ, ಒಬ್ಬರೇ ಕೂತು ಕಾಪಾಡಿದವರು ಯೆರ್ಕೊ. ಅವರು ತೀರಿಕೊಂಡು ವರ್ಷಗಳಾದರೂ ಊರವರು ಗೌರವದಿಂದ ಅವರ ಫೋಟೋಗೆ ರೋಸ್‌ಮೆರಿ ಸೊಪ್ಪಿನ ಕಡ್ಡಿ ಸಿಕ್ಕಿಸುತ್ತಿದ್ದರು. ದಿನ್ಕಾ ಸಿಕ್ಕಿಸಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

"ಹೊಟ್ಟೆಕಿಚ್ಚು ನಿಮಗೆ, ಮೇಡಂ," ಎಂದ, ಅಲ್ಲಿಯವರೆಗೂ ಸಲಿಗೆಯಿಂದ ಅತ್ತೆ ಎನ್ನುತ್ತಿದ್ದವನು. "ಹಿಂದೆ ಮುಂದೆ ಯಾರೂ ಇಲ್ಲ. ಅದಕ್ಕೇ ಬೇರೆಯವರ ಅಪ್ಪನ ಹೆಸರು ಕಂಡ್ರೆ ಉರಿ."

ದಿನ್ಕಾ ಪೆನ್ಸಿಲ್ ಬಿಗಿಹಿಡಿದರು. "ಯಾರೂ ಇಲ್ಲ, ನಿಜ. ನಿಮ್ಮನೆ ಕತ್ತೆ ಹೆಸರು ಬೇಕಾದ್ರೆ ಇಡು. ಅವನ ಹೆಸರು ಬೇಡ."

"ಅಂದ್ರೆ ಮಾದರಿ ಹೌದು ಅಂತಾಯ್ತು!"

"ಅಲ್ಲ ಕಣೋ. ಕತ್ತಿ ಹುಟ್ಟಿದಾಗ ನೆಟ್ಟಗಿತ್ತು. ಆಮೇಲೆ ಬಾಗಿದ್ದು."

"ಆಮೇಲೆ?" ಫ್ರಾನೆ ಕತ್ತಿಯನ್ನು ತಂದು ಮೇಜಿನ ಮೇಲೆ ಕುಕ್ಕಿದ. ದಿನ್ಕಾ ಕುರ್ಚಿ ಹಿಂದಕ್ಕೆ ಸರಿಸಿದರು. "ನೋಡಿ! ಎರಡು ತೋಳೂ ಒಂದೇ ಹದಕ್ಕೆ ಬಾಗಿದೆ. ಕೆಳಗೆ ಬಿದ್ದರೆ ಹೀಗಾಗಲ್ಲ. ತಳ್ಳಿದ್ರೆ ಬಾಗೋಕೆ ಇದೇನು ಸೊಪ್ಪಿನ ದಂಟಾ? ಯಾವ ಮನುಷ್ಯನ ಕೈಲಾಗುತ್ತೆ?"

"ಒಬ್ಬರ ಕೈಲಿ ಆಗಲ್ಲ."

"ಇಷ್ಟು ವರ್ಷದಲ್ಲಿ ಇದನ್ನ ಒಂದು ಸಲನಾದ್ರೂ ಮುಟ್ಟಿದ್ದೀರಾ?"

"ಇಲ್ಲ. ಮುಟ್ಟೋದಕ್ಕೆ ತುಂಬಾ ಪ್ರಯತ್ನಪಟ್ಟೆ. ಕೈ ಎಟುಕಲಿಲ್ಲ."

"ತಲೆ ಕೆಟ್ಟಿದೆ ನಿಮಗೆ!" ಫ್ರಾನೆ ಮೇಜು ಗುದ್ದಿದ. "ನಮ್ಮಪ್ಪ ಪ್ರಾಣ ಒತ್ತೆಯಿಟ್ಟು ಈ ಕತ್ತಿಗಳನ್ನ ಉಳಿಸಿದ. ಊರಿನ ಅರ್ಧ ಜನ ಸಾಯ್ತಿದ್ದಾಗ ಉಳಿಸಿದ. ಆಗ ನೀವು ಎಲ್ಲಿದ್ರಿ? ಹೇಳಿ, ಎಲ್ಲಿದ್ರಿ?"

ದಿನ್ಕಾ ಪೆನ್ಸಿಲ್ ಕೆಳಗಿಟ್ಟರು. ದನಿ ಏರಿಸಲಿಲ್ಲ.

"ನೆಲಮಾಳಿಗೆ ಬಾಗಿಲ ಹೊರಗೆ, ನನ್ನ ಕೂಸನ್ನ ಎತ್ಕೊಂಡು, ಬೀದಿಯವರೆಲ್ಲ ಸೇರಿ ಬಾಗಿಲು ತಳ್ತಾ ಇದ್ವಿ, ಸಂದೀಲಿ ನೋಡಿದ್ರೆ ನಿಮ್ಮಪ್ಪ ಒಳಗಿಂದ ಬಾಗಿಲ ಬಳೆಗೆ ಇದೇ ಕತ್ತೀನ ಅಡ್ಡಪಟ್ಟಿವರೆಗೂ ತೂರಿಸಿ ಅಗುಳಿ ಹಾಕಿದ್ದ."