ಐದು ಮೊಳದ ಮಾಲೆ

ಆ ಊರಿನಲ್ಲಿ ವೀರಗಲ್ಲುಗಳನ್ನು ಯಾರೂ ಕೆತ್ತುವುದಿಲ್ಲ. ಗಡಿಯಲ್ಲಿ ಮನೆಯವರೊಬ್ಬರು ಸಾಯುವ ಮೊದಲೇ ಅಂಗಳದ ಕಲ್ಲಿನ ಮೇಲೆ ಅವರ ಮುಖ ತಾನಾಗಿ ಮೂಡುತ್ತದೆ; ಸರಕಾರದ ಪತ್ರ ಆಮೇಲೆ ಬರುತ್ತದೆ. ಹೋಗದಂತೆ ತಡೆದರೂ ಯಾರೂ ಉಳಿದದ್ದಿಲ್ಲ.

ಚಂಪವ್ವನ ಅಂಗಳದ ಕಲ್ಲಿನಲ್ಲಿ ಮೇಲೆ ಗಂಡನ ಅಜ್ಜ, ಅವನ ಕೆಳಗೆ ಮಾವ, ತೀರ ಬುಡದಲ್ಲಿ ಗಂಡ. ಗಂಡನ ಗದ್ದ ನೆಲಕ್ಕೆ ತಾಗಿತ್ತು. ಇನ್ನೊಂದು ಮುಖಕ್ಕೆ ಜಾಗವಿಲ್ಲವೆಂಬ ಒಂದೇ ಧೈರ್ಯದ ಮೇಲೆ ಅವಳು ಮಗಳು ಸುನಂದಾಳನ್ನು ಸೈನ್ಯಕ್ಕೆ ಕಳಿಸಿದ್ದಳು.

ಅಂದು ಹಿರಿಯರ ಅಮಾವಾಸ್ಯೆ. ರಜೆ ಮುಗಿಸಿ ಹೊರಟಿದ್ದ ಸುನಂದಾ ಬರಿಗಾಲಲ್ಲಿ ಬಂದು ಕಲ್ಲಿಗೆ ಮಾಲೆ ಹಾಕಿದಳು. ಚಂಪವ್ವ ಹೋಳಿಗೆಯ ಎಡೆಯನ್ನೂ ಎಣ್ಣೆಯ ಬಟ್ಟಲನ್ನೂ ತಂದಳು. ಪ್ರತಿವರ್ಷ ಐದು ಮೊಳದ ಮಾಲೆ ಎರಡೂ ಬದಿಗೆ ನೆಲ ಮುಟ್ಟುತ್ತಿತ್ತು. ಈ ಸಲ ಗೇಣುದ್ದ ಮೇಲೆಯೇ ನಿಂತಿತು.

“ಹೂವಾಡಗಿತ್ತಿ ಮೋಸ ಮಾಡ್ಯಾಳ ನೋಡಬೇ,” ಎಂದು ನಕ್ಕು ಸುನಂದಾ ಕಟ್ಟೆಯ ಮೇಲೆ ಬೂಟು ಹಾಕಿಕೊಳ್ಳಲು ಕೂತಳು.

ಚಂಪವ್ವ ಮಾಲೆ ತೆಗೆದು ಮೊಣಕೈಗೆ ಹಿಡಿದು ಅಳೆದಳು. ಐದು ಮೊಳ ಸರಿಯಾಗಿಯೇ ಇತ್ತು. ಬಗ್ಗಿ ನೋಡಿದಳು. ಎಣ್ಣೆ ಕುಡಿದು ಕಪ್ಪಾದ ಗಂಡನ ಮುಖದ ಕೆಳಗೆ ಒಂದು ಗೇಣು ಹೊಸ ಕಲ್ಲು ನೆಲದಿಂದ ಮೇಲೆದ್ದಿತ್ತು, ಬೆಳ್ಳಗೆ, ಬೋಳಾಗಿ.

“ಎಷ್ಟ್ ಕಡಿಮಿ ಐತಿಬೇ?” ಸುನಂದಾ ಬೂಟಿನ ದಾರ ಬಿಗಿಯುತ್ತಲೇ ಕೇಳಿದಳು.

“ಒಂದ್ ಗೇಣವ್ವಾ. ಮೋಸ ಮಾಡ್ಯಾಳ,” ಎಂದ ಚಂಪವ್ವ, ಮಗಳು ತಲೆ ಎತ್ತುವುದರೊಳಗೆ ಆ ಬಿಳಿ ಕಲ್ಲಿಗೆ ಬಟ್ಟಲಿನ ಎಣ್ಣೆಯನ್ನೆಲ್ಲ ಸುರಿದು ಎರಡೂ ಕೈಯಿಂದ ತಿಕ್ಕತೊಡಗಿದಳು.