ನಾಯಿಗೆ ಹೇಳಿದ ‘ಬರ್ರಿ’

ಆ ಗೋಣಿಚೀಲ ನಿಜಕ್ಕೂ ಒದ್ದೆಯಾಗಿತ್ತೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಒದ್ದೆ ಗೋಣಿಯ ವಾಸನೆ ಬಂದಾಗಲೆಲ್ಲ ಆ ಮಧ್ಯಾಹ್ನ ನೆನಪಾಗುವುದರಿಂದ, ಅದನ್ನು ನೆನಪಿನಲ್ಲಿ ನಾನೇ ಒದ್ದೆ ಮಾಡಿಕೊಂಡಿರಬಹುದು.

ಆ ವರ್ಷವೇ ಗಂಡನ ಮನೆ ಬಿಟ್ಟು ಬಂದು ತಿಕೋಟಾದಲ್ಲಿ ಒಬ್ಬರೇ ಇದ್ದ ಸೋದರತ್ತೆಗೆ ಜೊತೆಯಾಗಲಿ ಎಂದು, ಅಪ್ಪ ವಿಜಯಪುರದ ನಾಯಿಗಳ ಆಶ್ರಯಧಾಮದಿಂದ ಒಂದು ಕಂದು ನಾಯಿಯನ್ನು ತಂದಿದ್ದರು; ನಾನೂ ಜೊತೆಗೆ ಹೋಗಿದ್ದೆ. ಎರಡೋ ಮೂರೋ ಮನೆಯವರು ಅದನ್ನು ಆಗಲೇ ವಾಪಸು ಕಳಿಸಿದ್ದರಂತೆ. ಬಂದದ್ದೇ ಅದು ಹಗ್ಗ ಹೆಣೆದ ಹೊರಸಿನ ಕೆಳಗೆ ಹಾಸಿದ್ದ ಗೋಣಿಯ ಮೇಲೆ ಮುದುಡಿಕೊಂಡಿತು.

“ಬಾ ಲೇ, ಹೊರಗ ಬಾ,” ಎಂದು ಅಪ್ಪ ಪ್ರೀತಿಯಿಂದಲೇ ಕರೆದರು. ‘ಲೇ’ ಅಂದಾಗಲೆಲ್ಲ ನಾಯಿ ನಡುಗಿ ಗೋಡೆಗೆ ಒತ್ತಿಕೊಳ್ಳುತ್ತಿತ್ತು.

“ಇದು ಒಗ್ಗೂದಿಲ್ಲ ಬಿಡವಾ. ಸಂಜಿಮುಂದ ವಾಪಸ್ ಒಯ್ತೀನಿ.”

ಅತ್ತೆ ಹಾಲಲ್ಲಿ ನೆನೆಸಿದ ರೊಟ್ಟಿಯ ಬಟ್ಟಲನ್ನು ಇಟ್ಟು ದೂರ ಕುಳಿತರು. ನಾಯಿಯತ್ತ ನೋಡದೆ ಹೇಳಿದರು: “ಬರ್ರಿ. ಊಟ ಮಾಡ್ರಿ.”

ಅಪ್ಪ ನಕ್ಕರು. “ನಾಯಿಗಿ ‘ರೀ’ ಅಂತೀಯಲ್ಲ! ಬೀಗರೇನು ಅವರು?”

“ಅಣ್ಣಾ, ನೀ ಸುಮ್ಮ ಕೂಡು. ಅವರಿಗೂ ಅವಸರಿಲ್ಲ, ನನಗೂ ಇಲ್ಲ.”

ಬಿಸಿಲು ಅಂಗಳದಿಂದ ಗೋಡೆಗೆ ಏರಿದ ಮೇಲೆ ಮೊದಲು ಮೂಗು, ಆಮೇಲೆ ಒಂದು ಕಾಲು ಹೊರಬಂತು. ಅತ್ತೆ ಅಲುಗಾಡಲಿಲ್ಲ. ನಾಯಿ ಬಟ್ಟಲು ನೆಕ್ಕತೊಡಗಿತು.

ಸಂಜೆ ಅಪ್ಪ ನನ್ನೊಬ್ಬಳನ್ನೇ ಕರೆದುಕೊಂಡು ಹೊರಟರು. ನಾನು ಹೊಸ್ತಿಲಲ್ಲಿ ನಿಂತು ಕೇಳಿದೆ:

“ಅತ್ತಿ, ‘ಲೇ’ ಅಂದ್ರ ಅದಕ್ಕ ಅಂಜಿಕಿ ಅಂತ ನಿನಗ ಹೆಂಗ ಗೊತ್ತಾತು?”